ಯಾವ ಹಕ್ಕಿ, ಎಲ್ಲಿ, ಯಾರ ಜೊತೆ

"ನಗಬೇಡಿ ಮೇಡಂ. ನನಗೆ ಕಾಗೆ ಇಷ್ಟ."

ಹೀಗೆ ಹೇಳಿದವರು ಒಬ್ಬ ನರ್ಸ್. ರಾತ್ರಿ ಪಾಳಿ ಮುಗಿಸಿ ಸೀದಾ ಹಕ್ಕಿ ನೋಡೋಕೆ ಬಂದಿದ್ದರು. ಕಣ್ಣು ಕೆಂಪಾಗಿತ್ತು. ನಾನು ನಗಲಿಲ್ಲ, ಆದರೆ ಗುಂಪಿನಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಅವರಲ್ಲಿ ಒಬ್ಬರ ಉತ್ತರ ಆಗಲೇ ನನ್ನ ಪುಸ್ತಕದಲ್ಲಿತ್ತು: ನವಿಲು. ಯಾಕೆ ಅಂತ ಕೇಳಿದ್ದಕ್ಕೆ "ಚೆನ್ನಾಗಿದೆ ಅಲ್ವಾ" ಅಂದಿದ್ದರು.

ತಿಂಗಳಿಗೆ ಎರಡು ಭಾನುವಾರ ಬೆಳಗ್ಗೆ ಹೊಸಬರನ್ನು ಹಕ್ಕಿ ತೋರಿಸೋಕೆ ಕರೆದುಕೊಂಡು ಹೋಗುತ್ತೇನೆ. ಒಂಬತ್ತು ವರ್ಷ ಆಯಿತು. ನಾನೇನು ಪಕ್ಷಿತಜ್ಞೆ ಅಲ್ಲ, ಲೆಕ್ಕಪತ್ರ ನೋಡುವವಳು. ಅದಕ್ಕೇ ಇರಬೇಕು, ಏನು ಕಂಡರೂ ಕಾಲಂ ಎಳೆದು ಬರೆದಿಡುವ ಚಟ. ನೋಡಿದ ಹಕ್ಕಿಗಳ ಪಟ್ಟಿ ಎಲ್ಲರೂ ಇಡುತ್ತಾರೆ. ನಾನು ಅದರ ಜೊತೆಗೆ ಇನ್ನೊಂದು ನೋಟ್‌ಬುಕ್ ಇಟ್ಟೆ. ನಡಿಗೆ ಮುಗಿದು ಎಲ್ಲರೂ ಕೂತು ಸುಧಾರಿಸಿಕೊಳ್ಳುವ ಹೊತ್ತಿಗೆ ಒಬ್ಬೊಬ್ಬರನ್ನೇ ಕೇಳೋದು: ನಿಮಗೆ ತುಂಬಾ ಇಷ್ಟದ ಹಕ್ಕಿ ಯಾವುದು, ಯಾಕೆ?

ಮೊದಲ ವರ್ಷದ ಪುಟಗಳನ್ನು ಈಗ ತಿರುವಿದರೆ ಆಕಳಿಕೆ ಬರುತ್ತದೆ. ನವಿಲು, ಗಿಳಿ, ಕೋಗಿಲೆ, ಹಂಸ. ಮತ್ತೆ ನವಿಲು. ಹಂಸ ಅಂತ ಬರೆಸಿದವರಲ್ಲಿ ಒಬ್ಬರೂ ಹಂಸ ನೋಡಿದವರಲ್ಲ. "ಯಾಕೆ" ಕಾಲಂನಲ್ಲಿ ಬಣ್ಣ, ಅಂದ, ಸ್ವರ, ಇಷ್ಟೇ. ಶಾಲೆಯ ಪ್ರಬಂಧ ಓದಿದ ಹಾಗೆ. ತಪ್ಪು ಅವರದಲ್ಲ ಬಿಡಿ. ನಾನು ಕೇಳಿದ್ದು ಪರೀಕ್ಷೆಯ ಪ್ರಶ್ನೆ, ಅವರು ಕೊಟ್ಟಿದ್ದು ಪರೀಕ್ಷೆಯ ಉತ್ತರ.

ನರ್ಸ್ ಬಂದ ದಿನ ಆ ಪ್ರಶ್ನೆ ತಾನಾಗಿ ಬದಲಾಯಿತು. ಕಾಗೆ ಅಂದವರನ್ನು "ಯಾಕೆ" ಅಂತ ಕೇಳಿದರೆ ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ ಅನ್ನಿಸಿ, "ಯಾವ ಕಾಗೆ?" ಅಂದುಬಿಟ್ಟೆ. ಆಕೆಯ ಮುಖ ಅರಳಿತು.

"ಕಾಲು ಸೊಟ್ಟ ಇರೋದು."

ಅವರು ಕೆಲಸ ಮಾಡುವಲ್ಲಿ ಮೂರನೇ ಮಹಡಿಯ ಮೆಟ್ಟಿಲ ಹತ್ತಿರ ಒಂದು ಕಿಟಕಿ ಇದೆಯಂತೆ. ಬೆಳಗಿನ ಜಾವ ಐದು ನಿಮಿಷ ಅಲ್ಲಿ ನಿಲ್ಲೋದು ಅವರ ರೂಢಿ. ಎದುರಿನ ನೀರಿನ ಪೈಪಿನ ಮೇಲೆ ಒಂದು ಕಾಗೆ ಬಂದು ಕೂರುತ್ತಿತ್ತು. ಬಲಗಾಲಿನ ಬೆರಳುಗಳು ಮಡಚಿಕೊಂಡೇ ಇದ್ದವು. ಇವರು ಅದಕ್ಕೆ ಏನೂ ಹಾಕುತ್ತಿರಲಿಲ್ಲ, ಅದೂ ಏನೂ ಕೇಳುತ್ತಿರಲಿಲ್ಲ. ತಲೆಯನ್ನು ಈ ಕಡೆ ವಾಲಿಸಿ ಒಂದು ಕಣ್ಣಲ್ಲಿ ನೋಡೋದು, ಆ ಕಡೆ ವಾಲಿಸಿ ಇನ್ನೊಂದು ಕಣ್ಣಲ್ಲಿ ನೋಡೋದು. "ರಾತ್ರಿಯೆಲ್ಲ ಹೇಗಿತ್ತು ಅಂತ ನನ್ನನ್ನ ಯಾರೂ ಕೇಳಲ್ಲ ಮೇಡಂ. ಅದು ಕೇಳಿದ ಹಾಗಿರುತ್ತೆ." ಒಂದು ದಿನ ರಜೆಯಲ್ಲಿದ್ದಾಗ, ಯೂನಿಫಾರ್ಮ್ ಇಲ್ಲದೆ, ಯಾವುದೋ ಕೆಲಸಕ್ಕೆ ಗೇಟಿನ ಹತ್ತಿರ ಹೋಗಿದ್ದರಂತೆ. ಅದೇ ಕಾಗೆ ಕಾಂಪೌಂಡ್ ಗೋಡೆ ಮೇಲೆ ಇವರ ಜೊತೆಜೊತೆಗೇ ಕುಪ್ಪಳಿಸಿಕೊಂಡು ಬಂತು. "ಗುರುತು ಹಿಡೀತು ಅಂದ್ರೆ ನಂಬ್ತೀರಾ?"

ನಂಬಿದೆ. ಕಾಗೆಗಳಿಗೆ ಮನುಷ್ಯರ ಮುಖ ನೆನಪಿರುತ್ತದೆ ಅನ್ನೋದು ಪರೀಕ್ಷೆ ಮಾಡಿ ನೋಡಿದ ವಿಷಯ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಮತ್ತು ಅವರ ತಂಡದವರು 2006ರಲ್ಲಿ ಗುಹಾಮಾನವನ ರಬ್ಬರ್ ಮುಖವಾಡ ಹಾಕಿಕೊಂಡು ಏಳು ಕಾಗೆಗಳನ್ನು ಹಿಡಿದರು. ಕಾಲಿಗೆ ಉಂಗುರ ತೊಡಿಸಿ ಬಿಟ್ಟರು. ಆಮೇಲೆ ಆ ಮುಖವಾಡ ಹಾಕಿಕೊಂಡು ಯಾರು ಆ ದಾರಿಯಲ್ಲಿ ಹೋದರೂ ಕಾಗೆಗಳು ಮುತ್ತಿಕೊಂಡು ಬೈಯುತ್ತಿದ್ದವು. ಬೇರೆ ಮುಖವಾಡ ಹಾಕಿದವರ ಗೊಡವೆಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ವರ್ಷಗಳು ಕಳೆದರೂ ಬೈಗುಳ ನಿಲ್ಲಲಿಲ್ಲ. ಯಾವತ್ತೂ ಸಿಕ್ಕಿಬೀಳದ ಕಾಗೆಗಳೂ ಜೊತೆ ಸೇರಿಕೊಂಡವು. ಇದನ್ನು ಹೇಳಿದಾಗ ಆಕೆ, "ಸದ್ಯ, ನಮ್ಮದು ನನ್ನನ್ನ ಒಳ್ಳೆಯವರ ಲೆಕ್ಕಕ್ಕೆ ಹಾಕ್ಕೊಂಡಿದೆ" ಅಂದರು. ಆಗ ನಕ್ಕಿದ್ದ ಇಬ್ಬರೂ ಈಗ ಹತ್ತಿರ ಸರಿದು ಕೂತಿದ್ದರು.

ಮನೆಗೆ ಬಂದವಳೇ "ಯಾಕೆ" ಕಾಲಂ ಹೊಡೆದುಹಾಕಿದೆ. ಆ ಜಾಗದಲ್ಲಿ ಎರಡು ಹೊಸ ಕಾಲಂ ಎಳೆದೆ. ಎಲ್ಲಿ ನೋಡಿದ್ದು, ಯಾರ ಜೊತೆ ಇದ್ದಾಗ. ಅಲ್ಲಿಂದ ಮುಂದೆ ಪುಸ್ತಕದ ಕಥೆಯೇ ಬೇರೆ. ನವಿಲು ಈಗಲೂ ಬರುತ್ತದೆ, ಆದರೆ "ಮಳೆ ನಿಂತ ಮೇಲೆ, ಕೆಟ್ಟು ನಿಂತ ಬಸ್ಸಿನ ಕಿಟಕಿಯಿಂದ, ತಂಗಿ ಜೊತೆ" ಅಂತ ಬರುತ್ತದೆ.

ಕೇಳೋದಕ್ಕೂ ಒಂದು ಹದ ಇದೆ. ಅದನ್ನು ಕಲಿತದ್ದು ಒಬ್ಬರ ಮನಸ್ಸು ನೋಯಿಸಿ. ನಿವೃತ್ತ ಮೇಷ್ಟ್ರು ಒಬ್ಬರು ಬಂದಿದ್ದರು. ಕೋಗಿಲೆ ಅಂತ ಬರೆಸಿದರು. ಹೆಂಡತಿ ತೀರಿಕೊಂಡ ವರ್ಷ ಅದು ಮನೆ ಹಿಂದಿನ ಮರದಲ್ಲಿ ಕೂಗುತ್ತಿತ್ತಂತೆ. "ಆ ಹೆಣ್ಣು ದನಿ ಕೇಳಿದರೆ..." ಅಂತ ಶುರು ಮಾಡಿದರು. ನಾನು ಮಧ್ಯ ಬಾಯಿ ಹಾಕಿ, "ಸಾರ್, ಕೂಗೋದು ಗಂಡು" ಅಂದೆ. ಸರಿಯಾದ ಮಾತೇ. ಕುಹೂ ಅಂತ ಏರುತ್ತಾ ಹೋಗುವ ಕೂಗು ಗಂಡಿನದು. ಗಂಡು ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕೆ, ಕೂಗಿದರೆ ಕಿಕ್ ಕಿಕ್ ಕಿಕ್ ಅಂತ ಕರ್ಕಶ. ಇಷ್ಟನ್ನೂ ಗಡಗಡ ಹೇಳಿ ಮುಗಿಸಿದೆ. ಮೇಷ್ಟ್ರು "ಹೌದಾ" ಅಂದು ಸುಮ್ಮನಾದರು. ವಾಕ್ಯ ಮುಗಿಸಲೇ ಇಲ್ಲ. ಆ ಸಾಲು ನನ್ನ ಪುಸ್ತಕದಲ್ಲಿ ಇವತ್ತಿಗೂ ಅರ್ಧಕ್ಕೇ ನಿಂತಿದೆ.

ಎರಡು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. ಹೆಣ್ಣು ಕೋಗಿಲೆಯನ್ನು ಹುಡುಕಿಕೊಂಡು ದಿನಾ ಬೆಳಗ್ಗೆ ಮರದ ಕೆಳಗೆ ಕೂರುತ್ತಿದ್ದರಂತೆ, ಸಿಕ್ಕಿತಂತೆ. "ಎಲೆ ಮರೆಯಲ್ಲಿ ಎಷ್ಟು ಸುಮ್ನೆ ಕೂತಿರುತ್ತಮ್ಮ ಅದು! ನಮ್ಮ ಮನೆಯವಳ ಹಾಗೇ" ಅಂದರು. ನಾನು ಬಚಾವಾದೆ. ಆದರೆ ಈಗ ತಿದ್ದೋದಿದ್ದರೆ ಕಥೆ ಪೂರ್ತಿ ಕೇಳಿದ ಮೇಲೆ, ಅದೂ ಅವರೊಬ್ಬರೇ ಇದ್ದಾಗ. ಎಷ್ಟೋ ಸಲ ತಿದ್ದೋದೇ ಇಲ್ಲ.

ಇನ್ನೊಂದು ಕಿವಿಮಾತು, ಯಾರಾದರೂ ಇದನ್ನು ಮಾಡಿ ನೋಡೋದಾದರೆ. ನಡಿಗೆಯ ಮೊದಲೇ ಕೇಳಬೇಡಿ. ಎರಡು ಗಂಟೆ ಸುತ್ತಿ, ಕಾಲು ಸೋತು, ಮೊಬೈಲ್ ಜೇಬಿಗೆ ಹೋದ ಮೇಲೆ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಹತ್ತು ಸೆಕೆಂಡ್ ಸುಮ್ಮನಿರೋದು ಕಷ್ಟ, ಆದರೆ ನಿಜವಾದ ಹಕ್ಕಿ ಹಾರಿ ಬರೋದು ಆ ಹತ್ತು ಸೆಕೆಂಡಿನ ಆಚೆ.

ಹಕ್ಕಿಗೆ ಮತ ಹಾಕುವ ಹುಚ್ಚು ಲೋಕದ ತುಂಬ ಇದೆ. 2015ರಲ್ಲಿ ಬ್ರಿಟನ್ನಿನಲ್ಲಿ ಡೇವಿಡ್ ಲಿಂಡೋ ಅನ್ನುವ ಪಕ್ಷಿವೀಕ್ಷಕರು ರಾಷ್ಟ್ರೀಯ ಹಕ್ಕಿ ಯಾವುದಾಗಬೇಕು ಅಂತ ಮತದಾನ ನಡೆಸಿದರು. ಎರಡು ಲಕ್ಷಕ್ಕೂ ಜಾಸ್ತಿ ಜನ ಮತ ಹಾಕಿದರು. ಗೆದ್ದದ್ದು ರಾಬಿನ್, ಎರಡನೆಯದು ಕಣಜ ಗೂಬೆ. ಹದ್ದಲ್ಲ, ಹಂಸವಲ್ಲ. ಅಂಗೈಯಲ್ಲಿ ಕೂರುವಷ್ಟು ಗಾತ್ರದ, ಕೆಂಪೆದೆಯ ಪುಟ್ಟ ಹಕ್ಕಿ. ತೋಟದಲ್ಲಿ ಯಾರಾದರೂ ಮಣ್ಣು ಅಗೆಯುತ್ತಿದ್ದರೆ ಗುದ್ದಲಿಯ ಪಕ್ಕಕ್ಕೇ ಬಂದು ಕೂರುತ್ತದೆ. ಅದಕ್ಕೆ ಬೇಕಿರೋದು ಎರೆಹುಳು. ಆದರೆ ಅಗೆಯುವವರಿಗೆ "ನನ್ನ ಹತ್ತಿರ ಬಂತು" ಅನ್ನಿಸುತ್ತದೆ. ತಮಾಷೆ ಏನೆಂದರೆ ಅದರಷ್ಟು ಜಗಳಗಂಟ ಹಕ್ಕಿ ಕಡಿಮೆ. ತನ್ನ ಜಾಗಕ್ಕೆ ಇನ್ನೊಂದು ರಾಬಿನ್ ಬಂದರೆ ಪ್ರಾಣ ಹೋಗುವವರೆಗೂ ಹೊಡೆದಾಡುವುದುಂಟು. ಮತ ಹಾಕಿದವರಿಗೆ ಇದು ಗೊತ್ತಿರಲಿಲ್ಲ ಅಂತೇನಲ್ಲ. ಗೊತ್ತಿದ್ದೂ ಹಾಕಿದರು.

ನ್ಯೂಜಿಲೆಂಡಿನವರದು ಇನ್ನೂ ಮಜಾ. ಅಲ್ಲಿ ಫಾರೆಸ್ಟ್ ಅಂಡ್ ಬರ್ಡ್ ಅನ್ನುವ ಸಂಸ್ಥೆ 2005ರಿಂದ ವರ್ಷದ ಹಕ್ಕಿಯನ್ನು ಆರಿಸುತ್ತಿದೆ. 2018ರಲ್ಲಿ ಗೆದ್ದದ್ದು ಕೆರೆರು ಅನ್ನುವ ದಪ್ಪ ಪಾರಿವಾಳ. ಹುಳಿ ಬಂದ ಹಣ್ಣು ತಿಂದು ಅಮಲೇರಿ ಮರದಿಂದ ಬೀಳುವ ಖ್ಯಾತಿ ಅದರದು. 2021ರಲ್ಲಿ ಗೆದ್ದದ್ದು ಹಕ್ಕಿಯೇ ಅಲ್ಲ, ಬಾವಲಿ! 2023ರಲ್ಲಿ ಸಂಸ್ಥೆಗೆ ನೂರು ತುಂಬಿತು ಅಂತ ಶತಮಾನದ ಹಕ್ಕಿ ಆರಿಸೋಕೆ ಹೊರಟರು. ಅಮೆರಿಕದ ಟಿವಿ ನಿರೂಪಕ ಜಾನ್ ಆಲಿವರ್ ಪೂಟೆಕೆಟೆಕೆ ಅನ್ನುವ ಜುಟ್ಟಿನ ಮುಳುಗುಹಕ್ಕಿಯ ಪರ ಪ್ರಚಾರಕ್ಕೆ ನಿಂತರು. ಎಲ್ಲ ಹಕ್ಕಿಗಳಿಗೂ ಸೇರಿ ಮೂರೂವರೆ ಲಕ್ಷಕ್ಕೂ ಜಾಸ್ತಿ ಮತ ಬಿತ್ತು, ಅದೇ ಗೆದ್ದಿತು. ಮತ ಹಾಕಿದವರಲ್ಲಿ ಎಷ್ಟೋ ಜನ ಆ ಹಕ್ಕಿಯನ್ನು ಜನ್ಮದಲ್ಲಿ ನೋಡಿದವರಲ್ಲ. ನನ್ನ ಮೊದಲ ವರ್ಷದ ಹಂಸದ ಹಾಗೇ ಅಂತ ಮೂಗು ಮುರಿದಿದ್ದೆ. ಆಮೇಲೆ ನಾನೇ ಅರ್ಧ ರಾತ್ರಿ ಕೂತು ಅದರ ವಿಡಿಯೋ ನೋಡಿದೆ. ಜೋಡಿ ಹಕ್ಕಿಗಳು ಕೊಕ್ಕಿನಲ್ಲಿ ನೀರುಗಿಡ ಕಚ್ಚಿಕೊಂಡು ಎದೆಗೆ ಎದೆ ಕೊಟ್ಟು ನೀರ ಮೇಲೆ ನೆಟ್ಟಗೆ ಎದ್ದು ನಿಲ್ಲುತ್ತವೆ. ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ. ಮತ ಹಾಕಿದ್ದರೂ ಹಾಕಬಹುದಿತ್ತು.

ಮಿಂಚುಳ್ಳಿಯನ್ನು ಹೊಸಬರಿಗೆ ತೋರಿಸೋದು ನನಗೆ ತುಂಬಾ ಖುಷಿ ಕೊಡುವ ಕೆಲಸ. ಅದಕ್ಕೆ ನಡೆಯಬಾರದು, ಕೂರಬೇಕು. ನೀರಿನ ಮೇಲೆ ಬಾಗಿದ ಒಂದು ಒಣಗಿದ ಕೊಂಬೆ ಹುಡುಕಿ. ಕೊಂಬೆಯ ಮೇಲೆ, ಕೆಳಗಿನ ಕಲ್ಲಿನ ಮೇಲೆ ಬಿಳಿ ಹಿಕ್ಕೆಯ ಗೆರೆ ಇದೆಯಾ ನೋಡಿ. ಇದ್ದರೆ ಅದು ಅವರ ಕುರ್ಚಿ ಅಂತ ಲೆಕ್ಕ. ಸ್ವಲ್ಪ ದೂರದಲ್ಲಿ, ಬೆನ್ನಿಗೆ ಬಿಸಿಲು ಬರುವ ಹಾಗೆ ಕೂತುಕೊಂಡು ಕಾಯೋದು. ಬೈನಾಕ್ಯುಲರನ್ನು ಮೊದಲೇ ಆ ಕೊಂಬೆಗೆ ಫೋಕಸ್ ಮಾಡಿಟ್ಟುಕೊಳ್ಳಬೇಕು. ಬಂದ ಮೇಲೆ ತಿರುಗಿಸುತ್ತಾ ಕೂತರೆ ಹೋಯಿತು. ಜನ ಐದನೇ ನಿಮಿಷಕ್ಕೆ ಮಿಸುಕಾಡುತ್ತಾರೆ. ಇಪ್ಪತ್ತನೇ ನಿಮಿಷಕ್ಕೆ ನನ್ನನ್ನು ಒಂಥರಾ ನೋಡೋಕೆ ಶುರು ಮಾಡುತ್ತಾರೆ. ಆಮೇಲೆ ಒಂದು ಸಣ್ಣ ಚೀ ಅನ್ನುವ ಸದ್ದು, ನೀರಿಗೆ ಅಂಟಿದ ಹಾಗೆ ಒಂದು ನೀಲಿ ಗೆರೆ, ಕೊಂಬೆ ಮೇಲೆ ಹಕ್ಕಿ.

ಆಗ ಎಲ್ಲರ ಬಾಯಿಂದಲೂ ಬರುವ ಸದ್ದು ಒಂದೇ. ಉಸಿರು ಒಳಗೆ ಎಳೆದುಕೊಳ್ಳುವ ಸದ್ದು. ಆ ನೀಲಿ ಬಣ್ಣವೇ ಅಲ್ಲ ಅಂದರೆ ಯಾರೂ ಒಪ್ಪಲ್ಲ. ಗರಿಯೊಳಗೆ ನೀಲಿ ಬಣ್ಣದ ಪದಾರ್ಥ ಇಲ್ಲ. ಗರಿಯ ಒಳಗಿನ ಸ್ಪಂಜಿನಂಥ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನು ಮಾತ್ರ ನಮ್ಮ ಕಣ್ಣಿಗೆ ಕಳಿಸುತ್ತದೆ. ಜಪಾನಿನ ಬುಲೆಟ್ ರೈಲಿನ ಮೂತಿಗೂ ಇದೇ ಹಕ್ಕಿಯ ಕೊಕ್ಕು ಮಾದರಿ. ರೈಲು ಸುರಂಗದಿಂದ ಹೊರಬರುವಾಗ ಢಮ್ ಅಂತ ಸದ್ದಾಗುತ್ತಿತ್ತು. ಐಜಿ ನಕಾತ್ಸು ಅನ್ನುವ ಎಂಜಿನಿಯರ್ ಸ್ವತಃ ಹಕ್ಕಿ ನೋಡುವವರು. ಮಿಂಚುಳ್ಳಿ ಗಾಳಿಯಿಂದ ನೀರಿಗೆ ಸದ್ದಿಲ್ಲದೆ ಧುಮುಕೋದು ಅವರಿಗೆ ನೆನಪಾಯಿತು. ಆ ಆಕಾರದ ಮೂತಿಯ 500 ಸರಣಿಯ ರೈಲು 1997ರಲ್ಲಿ ಓಡಿತು. ಈ ಕಥೆ ಹೇಳಿದರೆ ಹುಡುಗರು ಕಿವಿ ನಿಮಿರಿಸುತ್ತಾರೆ. ಆದರೆ ಪುಸ್ತಕದಲ್ಲಿ ಒಬ್ಬ ಹುಡುಗ ಬರೆಸಿದ್ದು ರೈಲಿನ ವಿಷಯ ಅಲ್ಲ. "ಮಿಂಚುಳ್ಳಿ. ಕೆರೆ ಏರಿ ಮೇಲೆ. ಅಪ್ಪನ ಜೊತೆ. ಅಪ್ಪ ಮೊದಲ ಸಲ ಇಷ್ಟು ಹೊತ್ತು ಫೋನ್ ಮುಟ್ಟಲಿಲ್ಲ."

ಚಂದ್ರಮುಕುಟದ ಅಭಿಮಾನಿಗಳದು ಮಾತ್ರ ಬೇರೆಯೇ ಜಾತಿ. ಕಿರೀಟ ಬಿಚ್ಚಿ ಮಡಚುವ ಆ ಹಕ್ಕಿಯನ್ನು ನೋಡಿ ಮರುಳಾಗದವರಿಲ್ಲ. ಫೋಟೊ ತೆಗೆಯುವ ಯುವಕನೊಬ್ಬ ಅದರ ಗೂಡಿನ ಪೊಟರೆ ಪತ್ತೆ ಮಾಡಿ, ಒಳಗೆ ಏನಿದೆ ಅಂತ ಮೂಗು ತೂರಿಸಿದ. ಆಮೇಲೆ ಅರ್ಧ ಗಂಟೆ ಯಾರ ಹತ್ತಿರವೂ ಕೂರಲಿಲ್ಲ, ಕೂರೋಕೆ ಯಾರೂ ಬಿಡಲಿಲ್ಲ. ಗೂಡಿನಲ್ಲಿರುವ ತಾಯಿ ಮತ್ತು ಮರಿಗಳು ಬಾಲದ ಬುಡದ ಗ್ರಂಥಿಯಿಂದ ಕೊಳೆತ ಮಾಂಸದಂಥ ವಾಸನೆಯ ದ್ರವ ಹೊರಬಿಡುತ್ತವೆ. ಶತ್ರು ಹತ್ತಿರ ಬಂದರೆ ಮರಿಗಳು ಗುರಿಯಿಟ್ಟು ಹಿಕ್ಕೆಯನ್ನೂ ಚಿಮ್ಮಿಸುತ್ತವೆ. ಗೂಡಿನ ಹತ್ತಿರ ಹೋಗಬಾರದು ಅಂತ ನಾನು ಎಷ್ಟು ಹೇಳಿದರೂ ಕೇಳದವನಿಗೆ ಮರಿಗಳೇ ಪಾಠ ಹೇಳಿದವು. ಅವನ ಇಷ್ಟದ ಹಕ್ಕಿ ಈಗಲೂ ಅದೇ. ಮೊದಲಿಗಿಂತ ಜಾಸ್ತಿಯೇ ಇಷ್ಟ ಅಂತಾನೆ.

ಊರೂರು ಸುತ್ತುವ ಲಾರಿ ಓಡಿಸುವವರೊಬ್ಬರು ಬಂದಿದ್ದರು. ಅವರ ಹಕ್ಕಿ ಬೂದು ಸಿಪಿಲೆ. ಬಾಲ ಮೇಲೆ ಕೆಳಗೆ ಆಡಿಸುತ್ತಾ ನೀರಂಚಿನಲ್ಲಿ ಓಡಾಡುವ ಹಳದಿ ಹೊಟ್ಟೆಯ ಪುಟಾಣಿ. ಹದಿನೈದಿಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ಚಳಿಗಾಲ ಶುರುವಾಗುವಾಗ ಬರುತ್ತದೆ, ಮುಗಿಯುವಾಗ ಹೋಗುತ್ತದೆ. ಲಾರಿ ನಿಲ್ಲಿಸಿ ಮುಖ ತೊಳೆಯುವ ಒಂದು ತೊರೆಯ ಹತ್ತಿರ ಅದನ್ನು ನಾಲ್ಕು ವರ್ಷ ನೋಡಿದ್ದರಂತೆ. "ನನಗಿಂತ ದೂರ ಹೋಗಿ ಬರ್ತಾನೆ, ಆದ್ರೂ ಅದೇ ಕಲ್ಲಿಗೇ ಬರ್ತಾನೆ ನೋಡಿ ಅಕ್ಕ." ಅದೇ ಹಕ್ಕಿ ಅಂತ ಕಾಲಿಗೆ ಉಂಗುರ ಇಲ್ಲದೆ ಹೇಳೋಕಾಗಲ್ಲ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಮೇಷ್ಟ್ರ ಪಾಠ ನೆನಪಿತ್ತು. ಬದಲಿಗೆ, ಉಂಗುರ ಇದ್ದ ಹಕ್ಕಿಯೊಂದರ ಕಥೆ ಹೇಳಿದೆ.

ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ ಅನ್ನುವ ಪಕ್ಷಿಶಾಸ್ತ್ರಜ್ಞರು 1956ರಲ್ಲಿ ಒಂದು ಹೆಣ್ಣು ಆಲ್ಬಟ್ರಾಸ್‌ಗೆ ಉಂಗುರ ತೊಡಿಸಿದರು. 2002ರಲ್ಲಿ ಮತ್ತೆ ಅಲ್ಲಿಗೆ ಹೋದಾಗ ಅವರ ಕೈಗೆ ಅದೇ ಹಕ್ಕಿ ಸಿಕ್ಕಿತು. 46 ವರ್ಷದ ಮೇಲೆ, ಅದೇ ಕೈಗೆ. ಆ ಹಕ್ಕಿಗೆ ವಿಸ್ಡಮ್ ಅಂತ ಹೆಸರಿಟ್ಟಿದ್ದಾರೆ. ಅವರು 2017ರಲ್ಲಿ ತೀರಿಕೊಂಡರು. ಹಕ್ಕಿ 2024ರಲ್ಲೂ ಬಂದು ಮೊಟ್ಟೆ ಇಟ್ಟಿತು. ಎಪ್ಪತ್ತು ದಾಟಿದ ತಾಯಿ! ಡ್ರೈವರ್ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ.

ದೂರದ ಪ್ರಯಾಣಿಕರ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. 2022ರಲ್ಲಿ ಐದು ತಿಂಗಳು ಕೂಡ ತುಂಬದ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ 11 ದಿನ ಹಾರಿ ಟಾಸ್ಮೇನಿಯಾ ತಲುಪಿತು. 13,560 ಕಿಲೋಮೀಟರ್. ಬಾನಾಡಿ, ಅಂದರೆ ಸ್ವಿಫ್ಟ್ ಅನ್ನುವ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು, ಅವುಗಳಲ್ಲಿ ಕೆಲವು ಹತ್ತು ತಿಂಗಳು ನೆಲ ಮುಟ್ಟದೇ ಇರುತ್ತವೆ ಅಂತ 2016ರಲ್ಲಿ ಹೇಳಿದರು. ಊಟ, ನಿದ್ದೆ ಎಲ್ಲ ಗಾಳಿಯಲ್ಲೇ. ಇಷ್ಟೆಲ್ಲ ಹೇಳಿದರೂ ನನ್ನ ಪುಸ್ತಕದಲ್ಲಿ ಗಾಡ್‌ವಿಟ್ ಒಂದೂ ಇಲ್ಲ. ಸಿಪಿಲೆ ಆರು ಸಲ ಇದೆ. ದಾಖಲೆ ನೋಡಿ ಬೆರಗಾಗುತ್ತಾರೆ, ಪ್ರೀತಿ ಮಾಡೋದು ಮಾತ್ರ ತಮ್ಮ ಕಲ್ಲಿಗೆ ಬಂದು ಕೂತದ್ದನ್ನು.

ಗೂಬೆಯ ಪುಟಕ್ಕೆ ಬಂದರೆ ನನಗೆ ನಗು. ನಮ್ಮ ಭಾಷೆ ಹಕ್ಕಿಗಳ ತಲೆಗೆ ಏನೇನೋ ಕಟ್ಟಿದೆ. ಸುಳ್ಳು ಹೇಳೋದು ನಾವು, ಹಾರೋದು ಕಾಗೆ. ತಪ್ಪು ಮಾಡೋದು ನಾವು, ಇನ್ನೊಬ್ಬರ ತಲೆ ಮೇಲೆ ಕೂರೋದು ಗೂಬೆ. ಆದರೂ ಗೂಬೆ ಪ್ರಿಯರು ವರ್ಷವರ್ಷ ಜಾಸ್ತಿ ಆಗುತ್ತಿದ್ದಾರೆ, ಅದರಲ್ಲೂ ಹಾಲಕ್ಕಿ ಅನ್ನುವ ಪುಟ್ಟ ಗೂಬೆಯ ಕಡೆಯವರು. ಸಂಜೆ ಪೊಟರೆಯಿಂದ ಮುಖ ಹೊರಗಿಟ್ಟು ನಮ್ಮನ್ನು ನೋಡಿ ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುವುದನ್ನು ಒಂದು ಸಲ ನೋಡಿದರೆ ಸಾಕು. ಗೂಬೆಯ ಕಣ್ಣು ಗುಳಿಯಲ್ಲಿ ಹೊರಳುವುದಿಲ್ಲ. ಹಾಗಾಗಿ ದೂರ ಅಳೆಯೋಕೆ ತಲೆಯನ್ನೇ ಆಡಿಸಬೇಕು. ಅದು ನಮ್ಮ ಅಳತೆ ತೆಗೆದುಕೊಳ್ಳುತ್ತಿದ್ದರೆ ನಾವು ಅದು ನಮಸ್ಕಾರ ಹೇಳಿತು ಅಂದುಕೊಳ್ಳುತ್ತೇವೆ.

ಯಾರೂ ಬರೆಸದ ಹಕ್ಕಿಯೂ ಇದೆ. ಹರಟೆಮಲ್ಲ. ಮಣ್ಣು ಬಣ್ಣ, ಸದಾ ಗಲಾಟೆ, ಆರೇಳು ಒಟ್ಟಿಗೆ ಒಣ ಎಲೆ ಕೆದಕುತ್ತಾ ಜಗಳಾಡಿಕೊಂಡೇ ಇರುತ್ತವೆ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಮತ ಇಲ್ಲ. ಆದರೆ ಒಂದರ ತಲೆ ಇನ್ನೊಂದು ಹೇನು ನೋಡಿದ ಹಾಗೆ ಸವರುವುದನ್ನು, ಒಬ್ಬರ ಮರಿಗೆ ಬಳಗವೆಲ್ಲ ಸೇರಿ ಉಣಿಸುವುದನ್ನು ನೋಡಿದರೆ, ಇವಕ್ಕೊಂದು ಮತ ಇಲ್ಲವಲ್ಲ ಅಂತ ಬೇಜಾರಾಗುತ್ತದೆ. ನಾನೇ ಹಾಕೋಣ ಅಂತ ಎಷ್ಟೋ ಸಲ ಅಂದುಕೊಂಡಿದ್ದೆ.

ಗುಬ್ಬಿಗೆ ಮತ ಕೊಡುವವರು ಹೆಚ್ಚಾಗಿ ವಯಸ್ಸಾದವರು. ಸಂದುಗೊಂದುಗಳೇ ಇಲ್ಲದ ಗೋಡೆಗಳ ಮನೆಗೆ ಹೋದ ಮೇಲೆ ಅವರಿಗೆ ಗುಬ್ಬಿ ನೆನಪಾಗಿದೆ. ಅವರಿಗೆ ನಾನು ನಮ್ಮ ದೇಶದ ಹೆಸರಾಂತ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಗುಬ್ಬಿಯ ಕಥೆ ಹೇಳುವುದುಂಟು. 1896ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಆಟದ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಕುತ್ತಿಗೆಯ ಹತ್ತಿರ ಹಳದಿ ಮಚ್ಚೆ ಇತ್ತು. ಇದ್ಯಾವ ಗುಬ್ಬಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತೆಗೆದುಕೊಂಡು ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಗದರಲಿಲ್ಲ. ಹಕ್ಕಿಯ ಹೆಸರು ಹೇಳಿ, ಕಪಾಟಿನ ಖಾನೆಗಳನ್ನು ತೆರೆದು ಅಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗ ಆಮೇಲೆ ಏನಾದರು ಅನ್ನೋದು ಎಲ್ಲರಿಗೂ ಗೊತ್ತು. ಕಥೆ ಶುರುವಾದದ್ದು ಒಂದು ತಪ್ಪಿನಿಂದ ಅನ್ನೋದು ನನಗೆ ಯಾಕೋ ಸಮಾಧಾನ ಕೊಡುತ್ತದೆ.

ಯಾಕೆ ಅಂದರೆ ನನ್ನದೂ ಒಂದು ತಪ್ಪಿದೆ.

ನಮ್ಮ ಮನೆಯ ಎಡಗಡೆ ಕಿಟಕಿಯ ಕೆಳಗೆ ಕುಂಡದಲ್ಲಿ ಒಂದು ಅಂಜೂರದ ಗಿಡ ಇತ್ತು. ಒಂದು ಬೆಳಗ್ಗೆ ಅದರ ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಿದ್ದವು. ರೋಗ ಬಂದಿದೆ ಅಂತ ಬಗ್ಗಿ ನೋಡಿದೆ. ಎಲೆಯ ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಥ ತೂತು, ಪ್ರತಿ ತೂತಿನಲ್ಲೂ ಹತ್ತಿಯ ಎಳೆ. ಹೊಲಿಗೆ! ಟುವ್ವಿ ಹಕ್ಕಿಯ ಕೆಲಸ. ಎಂಟೊಂಬತ್ತು ಗ್ರಾಂ ಇರುವ, ಹಸಿರು ಬೆನ್ನು, ಇಟ್ಟಿಗೆ ಬಣ್ಣದ ನೆತ್ತಿಯ ಹಕ್ಕಿ. ಅದರ ಕೂಗು ಅದರ ಗಾತ್ರದ ಹತ್ತರಷ್ಟು ದೊಡ್ಡದು.

ಮೂರು ದಿನ ಪರದೆಯ ಸಂದಿಯಿಂದ ನೋಡಿದೆ. ಕೊಕ್ಕಿನಿಂದ ಚುಚ್ಚುತ್ತದೆ, ಜೇಡರ ಬಲೆಯ ಎಳೆಯನ್ನೋ ಹತ್ತಿಯನ್ನೋ ತೂರಿಸುತ್ತದೆ, ಆಚೆ ಬದಿಗೆ ಹೋಗಿ ಎಳೆಯುತ್ತದೆ. ಗಂಟು ಹಾಕುವುದಿಲ್ಲ. ಎಳೆಯ ತುದಿ ಹಿಂಜಿಕೊಂಡು ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ, ರಿವಿಟ್ ಹೊಡೆದ ಹಾಗೆ. ಒಂದು ಸಲ ಎಳೆ ಜಾರಿತು. ಹಕ್ಕಿ ಕೊಂಬೆಗೆ ಹಾರಿ, ಕೊಕ್ಕನ್ನು ಎರಡೂ ಕಡೆ ಉಜ್ಜಿ, ಮತ್ತೆ ಬಂದು ಅದೇ ತೂತಿಗೆ ಕೈ ಹಾಕಿತು. ಕೈ ಅಂತ ಬರೆದುಬಿಟ್ಟೆ, ಇರಲಿ ಬಿಡಿ. ಎಲೆ ಗಿಡದಲ್ಲೇ ಇರುವುದರಿಂದ ಹಸಿರಾಗಿಯೇ ಇತ್ತು. ಗೂಡಿದೆ ಅಂತ ಗೊತ್ತಿಲ್ಲದವರಿಗೆ ಅದು ಬರೀ ಎಲೆ.

ಮೂರು ಮೊಟ್ಟೆ ಇಟ್ಟಿತು. ಅದಾದ ನಾಲ್ಕನೇ ದಿನ ನನಗೆ ತಡೆಯಲಿಲ್ಲ. ಫೋಟೊಗೆ ಅಡ್ಡ ಬರುತ್ತಿತ್ತು ಅಂತ ಪಕ್ಕದ ಒಂದು ಎಲೆಯನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಬಾಗಿಸಿ ದಾರದಿಂದ ಕಟ್ಟಿದೆ. ಎರಡು ಫೋಟೊ ತೆಗೆದೆ. ದಾರ ಬಿಚ್ಚೋದು ಮರೆತೆ. ಮಧ್ಯಾಹ್ನ ಕೆಲಸದಿಂದ ಬಂದು ನೋಡಿದರೆ ಗೂಡು ಹರಿದು ಜೋತಾಡುತ್ತಿತ್ತು, ಹತ್ತಿ ಕುಂಡದ ಮಣ್ಣಿನ ಮೇಲೆ ಬಿದ್ದಿತ್ತು. ಎದುರು ಮರದಲ್ಲಿ ಒಂದು ಕೆಂಬೂತ ಕೊಕ್ಕು ಒರೆಸಿಕೊಳ್ಳುತ್ತಾ ಕೂತಿತ್ತು. ಅದೇ ತಿಂದದ್ದು ಅಂತ ಹೇಳೋಕೆ ನಾನು ನೋಡಿಲ್ಲ. ಜಾಗ ತೋರಿಸಿಕೊಟ್ಟವಳು ನಾನು, ಅಷ್ಟು ಗೊತ್ತು. ಟುವ್ವಿ ಸಂಜೆವರೆಗೂ ಕುಂಡದ ಸುತ್ತ ಕೂಗುತ್ತಿತ್ತು. ಫೋಟೊ ಚೆನ್ನಾಗಿ ಬಂದಿತ್ತು. ಯಾರಿಗೂ ತೋರಿಸಲಿಲ್ಲ.

ಅದಾದ ಮೇಲೆ ಗುಂಪಿನಲ್ಲಿ ಗೂಡಿನ ಫೋಟೊ ಪೂರ್ತಿ ಬಂದ್. ಹಕ್ಕಿಯನ್ನು ಹತ್ತಿರ ಕರೆಯೋಕೆ ಮೊಬೈಲಿನಲ್ಲಿ ಅದರದೇ ಕೂಗು ಹಾಕೋದೂ ಬಂದ್. ಕೆಲವರು ನನ್ನನ್ನು ಅತಿ ಕಟ್ಟುನಿಟ್ಟು ಅಂತಾರೆ. ಅನ್ನಲಿ.

ಎರಡು ವರ್ಷ ಆ ಗಿಡ ಖಾಲಿ ಇತ್ತು. ಈ ವರ್ಷ ಮತ್ತೆ ಎರಡು ಎಲೆ ಅಂಟಿಕೊಂಡವು. ಕ್ಯಾಮೆರಾವನ್ನು ಬೀರುವಿನೊಳಗಿಟ್ಟು, ಕಿಟಕಿಗೆ ಹಳೆ ಪತ್ರಿಕೆ ಅಂಟಿಸಿ, ಪೆನ್ಸಿಲ್ ತೂರುವಷ್ಟು ಒಂದು ತೂತು ಮಾಡಿಕೊಂಡೆ. ಗಿಡಕ್ಕೆ ನೀರು ಹಾಕುವುದು ಹಕ್ಕಿ ದೂರ ಹೋದಾಗ ಮಾತ್ರ, ಅದೂ ಆಚೆ ಬದಿಯಿಂದ. ಹನ್ನೆರಡು ದಿನಕ್ಕೆ ಎಲೆಯ ಒಳಗಿಂದ ಸಣ್ಣ ಕಿಚಿಕಿಚಿ ಕೇಳಿತು. ಅದಾಗಿ ಎರಡು ವಾರಕ್ಕೆ ಬಾಲವೇ ಇಲ್ಲದ ಮೂರು ಮರಿಗಳು ಒಂದರ ಹಿಂದೆ ಒಂದು ಕುಂಡದ ಅಂಚಿಗೆ ಬಂದು ಕೂತವು. ಮೂರನೆಯದು ಹಾರುವ ಬದಲು ಕೆಳಗೆ ಬಿತ್ತು, ಪೊರಕೆಯ ಮೇಲೆ. ಅಲ್ಲಿಂದಲೇ ತಾಯಿಯನ್ನು ಕರೆಯಿತು. ತಾಯಿ ಬಂತು.

ಕಳೆದ ಭಾನುವಾರ ಆ ನರ್ಸ್ ಮತ್ತೆ ಬಂದಿದ್ದರು. ಎಲ್ಲರದೂ ಬರೆದಾದ ಮೇಲೆ ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡು, "ಒಂಬತ್ತು ವರ್ಷ ಆಯ್ತು, ನಿಮ್ಮ ಹೆಸರೇ ಇಲ್ವಲ್ಲ ಮೇಡಂ. ಹೇಳಿ, ನಾನು ಬರೀತೀನಿ" ಅಂದರು. ಹತ್ತು ಸೆಕೆಂಡ್ ಸುಮ್ಮನೆ ಕೂತರು. ನನ್ನ ಪಾಠ ನನಗೇ.

ಟುವ್ವಿ, ಅಂದೆ. ಎಡಗಡೆ ಕಿಟಕಿ. ಒಬ್ಬಳೇ.